ಹೆಸರು ಹೇಳದ ಪ್ರಾರ್ಥನೆ

ಹರವೆಯ ನಮ್ಮ ಬೀದಿಯಲ್ಲಿದ್ದ ನಿವೃತ್ತ ಮೇಷ್ಟ್ರು ಚಾಡಿ ಹೇಳಿದ್ದನ್ನು ಯಾರೂ ಕೇಳಿಲ್ಲ. ಟೀ ಅಂಗಡಿಯಲ್ಲಿ ಇನ್ನೊಬ್ಬರ ಮನೆಯ ಮಾತು ಬಂದರೆ ಎದ್ದು ಹೋಗುತ್ತಿದ್ದರು. ನಾಲಗೆಯ ಆ ಚಪಲವನ್ನೆಲ್ಲ ಸೋಮವಾರದ ಭಜನೆಗೆ ಎತ್ತಿಟ್ಟುಕೊಳ್ಳುತ್ತಿದ್ದರು. ಮಂಗಳಾರತಿಗೆ ಮುಂಚೆ ಕಣ್ಣು ಮುಚ್ಚಿ, ಯಾರದೋ ಕಷ್ಟಕ್ಕಾಗಿ ಶಿವನಲ್ಲಿ ಮೊರೆಯಿಡುತ್ತಿದ್ದರು. ಯಾರ ಮಗ ಕುಡಿಯುತ್ತಾನೆ, ಯಾರ ಸೊಸೆಗೆ ಬಸಿರು ನಿಲ್ಲುತ್ತಿಲ್ಲ ಎಂಬುದೆಲ್ಲ ಊರಿಗೆ ತಿಳಿಯುತ್ತಿದ್ದದ್ದು ಹಾಗೆ. ಜನ ಅದನ್ನು ಕರುಣೆ ಎಂದು ಕರೆದರು.

ನನ್ನ ತಂಗಿ ಗುಂಡ್ಲುಪೇಟೆಯ ಗಂಡನ ಮನೆಯಿಂದ ಬಂದವಳು ನಮಗೂ ಕಾರಣ ಹೇಳಿರಲಿಲ್ಲ. ವಾಪಸು ಹೋಗಲೋ ಬೇಡವೋ ಎಂದು ತೋಚದೆ, ಅಕ್ಷರ ಕಲಿಸಿದವರಲ್ಲವೇ ಎಂದು ಮೇಷ್ಟ್ರ ಮುಂದೆ ಹೋಗಿ ಅತ್ತಿದ್ದಳು. "ಇದು ನನ್ನೆದೇಲೇ ಇರ್ತದೆ ಕಣವ್ವ," ಎಂದರಂತೆ.

ಮುಂದಿನ ಸೋಮವಾರ ನಾನೂ ತಂಗಿಯೂ ಭಜನೆಗೆ ಹೋದೆವು. ಮೇಷ್ಟ್ರು ಕೈ ಮುಗಿದರು.

"ನಮ್ಮೂರ ಮಗಳೊಬ್ಳು ಗುಂಡ್ಲುಪೇಟೆಯಿಂದ ಬಂದು ತವರಲ್ಲಿ ಕೂತವ್ಳೆ. ಗಂಡ ಇನ್ನೊಬ್ಳ ಸಾವಾಸ ಮಾಡವ್ನೆ. ನಾನು ಹೆಸ್ರು ಹೇಳಕಿಲ್ಲ. ಅವ್ಳ ಸಂಸಾರ ಸರಿಹೋಗ್ಲಿ ಅಂತ ಎಲ್ರೂ ಕಣ್ಮುಚ್ಚಿ."

ಒಬ್ಬರೂ ಕಣ್ಣು ಮುಚ್ಚಲಿಲ್ಲ. ಎಲ್ಲರೂ ನನ್ನ ತಂಗಿಯನ್ನೇ ನೋಡಿದರು. ಅವಳು ಎದ್ದು ನಿಂತಳು.

"ಶಿವನಿಗೆ ನಾನೇ ಹೇಳಿದ್ದೆ ಮೇಷ್ಟ್ರೇ. ನಿಮ್ಗೆ ಹೇಳಿದ್ದು ನಿಮ್ಮಲ್ಲೇ ಇರ್ಲಿ ಅಂತ."

ಮೇಷ್ಟ್ರ ಮುಖದಲ್ಲಿ ಒಂದು ಗೆರೆಯೂ ಅಲುಗಲಿಲ್ಲ. "ಪಾಪ, ನೊಂದ ಜೀವ. ಇವ್ಳ ಕೋಪ ಶಾಂತವಾಗ್ಲಿ ಅಂತ್ಲೂ ಬೇಡ್ಕಳನ," ಎಂದರು. ನಾಟಕವಾಗಿದ್ದರೆ ನಾನು ಕ್ಷಮಿಸುತ್ತಿದ್ದೆನೇನೋ. ಅವರು ಅದನ್ನು ನಿಜವಾಗಿಯೂ ಭಕ್ತಿ ಎಂದೇ ನಂಬಿದ್ದರು. ನನಗೆ ಹೇಸಿಗೆಯಾದದ್ದು ಅದಕ್ಕೇ.

ಸುದ್ದಿ ಗುಂಡ್ಲುಪೇಟೆಗೆ ತಲುಪಲು ತಡವಾಗಲಿಲ್ಲ. ಮರ್ಯಾದೆ ಬೀದಿಪಾಲು ಮಾಡಿದವಳು ಬೇಡ ಎಂದು ಗಂಡನ ಮನೆಯವರು ಹೇಳಿ ಕಳಿಸಿದರು. ಇನ್ನೊಬ್ಬಳ ಸಹವಾಸ ಮಾಡಿದ್ದವನಿಗೆ ಇದ್ದಕ್ಕಿದ್ದಂತೆ ಮರ್ಯಾದೆ ನೆನಪಾಗಿತ್ತು! ತಂಗಿ ಚಾಮರಾಜನಗರದ ಬಟ್ಟೆ ಅಂಗಡಿಯೊಂದರಲ್ಲಿ ಕೆಲಸ ಹಿಡಿದಳು, ಅಲ್ಲೇ ಬಾಡಿಗೆ ಮನೆ ಮಾಡಿದಳು.

ಕೆಲವು ತಿಂಗಳ ಮೇಲೆ ಮೇಷ್ಟ್ರು ನಮ್ಮ ಜಗಲಿಗೆ ಬಂದು ಕೂತರು.

"ಮಗಳು ಹೆಂಗವ್ಳವ್ವ? ದಿನಾ ಅವ್ಳಿಗಾಗಿ ಬೇಡ್ಕತೀನಿ."

"ಚೆನ್ನಾಗವ್ಳೆ," ಎಂದಳು ಅವ್ವ.

"ಒಬ್ಳೇ ಇರ್ತಾಳಾ?"

ಅವ್ವ ಅವರೆಕಾಯಿ ಸುಲಿಯುತ್ತ ಕೂತಳು. ಮೇಷ್ಟ್ರು ಇನ್ನೊಂದಿಷ್ಟು ಹೊತ್ತು ಕಾದರು. ಏನೂ ಸಿಗದೆ, ವಲ್ಲಿ ಕೊಡವಿ ಹೆಗಲಿಗೆ ಹಾಕಿಕೊಂಡು ಎದ್ದು ಹೋದರು.