ಪೂಜೆಗಿಟ್ಟ ಪ್ರಿಂಟರ್

ಗಂಡನ ಮನೆ ಬಿಟ್ಟು ಅರಸೀಕೆರೆಗೆ ವಾಪಸ್ ಬಂದಾಗ ನನ್ನದು ಅಂತ ಇದ್ದದ್ದು ಒಂದು ಹಳೇ ಕಂಪ್ಯೂಟರ್ ಮಾತ್ರ. ಅದಕ್ಕೆ ಪುಕ್ಕಟೆ ಸಿಗುವ ಲಿನಕ್ಸ್ ಹಾಕಿಕೊಂಡಿದ್ದೆ. ಮನೆಯ ಮುಂದಿನ ಕೋಣೆಯಲ್ಲಿ ಅಣ್ಣನ ಡಿಟಿಪಿ ಅಂಗಡಿ. ಅವನ ಪ್ರಿಂಟರ್ ನೆಟ್‌ವರ್ಕಿನದ್ದು, ತಂತಿಯನ್ನು ನನ್ನ ಕೋಣೆಗೂ ಎಳೆದುಕೊಂಡಿದ್ದೆ. ಎಳೆದಿದ್ದಷ್ಟೇ ಬಂತು. ಏನು ಕಳಿಸಿದರೂ ಪ್ರಿಂಟರ್ ಸಿಗುತ್ತಿಲ್ಲ ಅನ್ನುತ್ತಿತ್ತು. "ಪುಕ್ಕಟೆ ಸಿಕ್ಕಿದ್ದರ ಹಣೆಬರಹ ಇಷ್ಟೇ ಕಣೇ," ಅಂತ ಅಣ್ಣ ಆಡಿಕೊಳ್ಳುತ್ತಿದ್ದ. ಅವನ ಕಂಪ್ಯೂಟರಿನಲ್ಲಿದ್ದ ಸಾಫ್ಟ್‌ವೇರೂ ಯಾರೋ ಕಾಪಿ ಮಾಡಿಕೊಟ್ಟದ್ದೇ.

ಆ ಸಲ ಬೇಲೂರಿನ ಒಂದು ಖಾಸಗಿ ಶಾಲೆಗೆ ಕಂಪ್ಯೂಟರ್ ಕಲಿಸುವ ಮೇಡಂ ಬೇಕಾಗಿತ್ತು. ಒಳ್ಳೆ ದಿನ ಅಂತ ವಿಜಯದಶಮಿ ಬೆಳಿಗ್ಗೆಯೇ ಸಂದರ್ಶನ ಇಟ್ಟು, ಅರ್ಜಿ ಜೊತೆಯಲ್ಲೇ ತನ್ನಿ ಅಂದಿದ್ದರು. ಅಮ್ಮನಿಗೆ ಇದು ಬೇಡವಾಗಿತ್ತು. ಕೆಲಸ ಸಿಕ್ಕರೆ ಮಗಳು ಗಂಡನ ಮನೆಗೆ ತಿರುಗಿ ಹೋಗುವುದಿಲ್ಲ ಅನ್ನುವುದು ಅವಳ ಲೆಕ್ಕ. ಲೆಕ್ಕ ಸರಿಯಾಗೇ ಇತ್ತು.

ಹಿಂದಿನ ದಿನ ಆಯುಧಪೂಜೆ. ಅಣ್ಣ ಅಂಗಡಿಯ ಸಾಮಾನಿಗೆಲ್ಲ ಕುಂಕುಮ ಇಟ್ಟು, ಪೂಜೆ ಮುಗಿಸಿ, ಹೆಂಡತಿ ಮಕ್ಕಳ ಜೊತೆ ಪಕ್ಕದ ಗಂಡಸಿ ಊರಿಗೆ, ಮಾವನ ಮನೆಗೆ ಹೊರಟುಹೋದ. ಶಾಲೆಯಿಂದ ನನಗೆ ಫೋನ್ ಬಂದದ್ದು ಅವನು ಹೋದ ಮೇಲೆ. ಪೂಜೆಗಿಟ್ಟದ್ದನ್ನು ಮಾರನೇ ದಿನ ಮತ್ತೆ ಪೂಜೆ ಮಾಡಿ ಎತ್ತುವವರೆಗೆ ಮುಟ್ಟುವ ಹಾಗಿಲ್ಲ. ಊರಿನ ಬೇರೆ ಅಂಗಡಿಗಳೂ ಮುಚ್ಚಿದ್ದವು. "ಕೈಯಲ್ಲೇ ಬರ್ಕೊಂಡು ಹೋಗೇ," ಅಂದಳು ಅಮ್ಮ. ಕಂಪ್ಯೂಟರ್ ಕಲಿಸುವವಳು ಕೈಬರಹದ ಅರ್ಜಿ ಹಿಡಿದು ಹೋದರೆ ಬಾಗಿಲಲ್ಲೇ ನಗುತ್ತಾರೆ.

ಆದರೆ ಪ್ರಿಂಟರ್ ಆನ್ ಆಗಿತ್ತು. ದೇವರ ಮುಂದೆ ಅದು ಕಣ್ಣು ಮುಚ್ಚಿಕೊಂಡು ಕೂರಬಾರದು ಅಂತ ಅಮ್ಮನೇ ಅಣ್ಣನ ಕೈಲಿ ಸ್ವಿಚ್ ಹಾಕಿಸಿ, ಅದರ ಹಸಿರು ದೀಪ ಉರಿಯುವ ಹಾಗೆ ಮಾಡಿಸಿದ್ದಳು. ಮುಟ್ಟಬಾರದು, ಅಷ್ಟೇ ತಾನೆ? ನನ್ನ ಕಂಪ್ಯೂಟರಿಗೆ ಯಾರೂ ಕುಂಕುಮ ಇಟ್ಟಿರಲಿಲ್ಲ.

ಕೂತು ನೋಡಿದೆ. ಆನ್ ಮಾಡಿದಾಗೆಲ್ಲ ಪ್ರಿಂಟರ್ ತನ್ನ ನೆಟ್‌ವರ್ಕ್ ನಂಬರ್ ಬದಲಾಯಿಸಿಕೊಳ್ಳುತ್ತಿತ್ತು, ನಾನು ಹಳೇ ನಂಬರಿಗೇ ಕಳಿಸುತ್ತಿದ್ದೆ. ಬಾಡಿಗೆ ಮನೆ ಖಾಲಿ ಮಾಡಿ ಹೋದವರಿಗೆ ಕಾಗದ ಹಾಕಿದ ಹಾಗೆ. ಒಂದೊಂದೇ ನಂಬರ್ ಹೊಡೆದು ಕೂಗಿದೆ, ಕೊನೆಗೆ ಒಂದು ಓಗೊಟ್ಟಿತು. ಲಿನಕ್ಸಿನ ಪಟ್ಟಿಯಲ್ಲಿ ಆ ಮಾಡೆಲ್ ಇರಲಿಲ್ಲ. ಅದೇ ಕಂಪನಿಯ ಹಳೇದೊಂದನ್ನು ಆರಿಸಿ ಅರ್ಜಿ ಕಳಿಸಿದೆ.

ಮುಂದಿನ ಕೋಣೆಯಲ್ಲಿ ಗರ್ ಅಂತ ಸದ್ದಾಯಿತು. ಓಡಿ ಹೋದೆ. ದೀಪಕ್ಕೆ ಎಣ್ಣೆ ಹಾಕುತ್ತಿದ್ದ ಅಮ್ಮ ಹಾಗೇ ನಿಂತುಬಿಟ್ಟಿದ್ದಳು. ಕಾಗದ ಮೆಲ್ಲಗೆ ಹೊರಗೆ ಬಂದು, ಪ್ರಿಂಟರಿನ ಮೇಲಿಟ್ಟಿದ್ದ ಸೇವಂತಿಗೆಯನ್ನು ತಳ್ಳಿತು. ಹೂ ಬಲಗಡೆಗೆ ಬಿತ್ತು.

ನಮ್ಮಲ್ಲಿ ಮನಸ್ಸಿನಲ್ಲಿ ಒಂದು ನೆನೆದುಕೊಂಡು ದೇವರ ಹತ್ತಿರ ಪ್ರಸಾದ ಕೇಳುತ್ತಾರೆ. ಹೂ ಬಲಕ್ಕೆ ಬಿದ್ದರೆ ಆಗಲಿ ಅಂತ, ಎಡಕ್ಕೆ ಬಿದ್ದರೆ ಬೇಡ ಅಂತ. ಅಮ್ಮ ಹೂ ಎತ್ತಿ ಕಣ್ಣಿಗೊತ್ತಿಕೊಂಡಳು. ಮಡಿಯಲ್ಲಿದ್ದವಳು ಅವಳೇ ಆದ್ದರಿಂದ ಕಾಗದವನ್ನೂ ಅವಳೇ ತೆಗೆದುಕೊಟ್ಟಳು.

"ನಿನ್ನನ್ನ ಇಲ್ಲೇ ಇಟ್ಕೊಳ್ಳಲಾ ಅಂತ ನವರಾತ್ರಿ ಶುರುವಾದಾಗಿಂದ ದೇವರ ಹತ್ರ ಕೇಳ್ತಾ ಇದ್ದೆ," ಅಂದಳು. "ಇನ್ನು ಅವರ ಮನೆ ಮಾತು ಎತ್ತಲ್ಲ ಬಿಡು."

ಅರ್ಜಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡೆ. ಆದರೂ ಸುಮ್ಮನಿರಲಾಗದೆ, "ಅಮ್ಮ, ಹೂವನ್ನ ತಳ್ಳಿದ್ದು ಕಾಗದ," ಅಂದೆ.

"ನಂಗೇನು ಕಣ್ಣಿಲ್ವೇನೇ? ಎಡಕ್ಕೂ ತಳ್ಳಬಹುದಿತ್ತಲ್ಲ," ಅಂದಳು.