ತೀರ್ಥಮ್ಮ ತೂಗಿದ ಹಿತ್ತಾಳೆ ಚಿಪ್ಪುಗಳು

ಬೆಳಗಿನ ಆರು ಗಂಟೆ. ಅಜ್ಜಂಪುರದ ಹೊರಗೆ, ಬೀರೂರಿನ ಕಡೆ ಹೋಗುವ ರೈಲು ಹಳಿಯ ಪಕ್ಕ, ಹಳೇ ಕಲ್ಲುಕ್ವಾರಿಯ ಅಂಚಿನಲ್ಲಿ ಶೀಟು ಹೊದಿಸಿದ ಒಂದು ಕೋಣೆ. ತೀರ್ಥಮ್ಮ ಗೋಣಿಚೀಲದ ಮೇಲೆ ಕಾಲು ಚಾಚಿ ಕುಳಿತಿದ್ದಾರೆ. ಮುಂದಿನ ಮೊರದಲ್ಲಿ ಬೆರಳುದ್ದದ ಹಿತ್ತಾಳೆ ಚಿಪ್ಪುಗಳು. ಐದಾರನ್ನು ಎರಡು ಅಂಗೈಗಳ ನಡುವೆ ಹಾಕಿಕೊಂಡು ಕಿವಿಯ ಹತ್ತಿರ ಕುಲುಕುತ್ತಾರೆ. ಗಲಗಲ ಸದ್ದು ಬಂದರೆ ಪಕ್ಕಕ್ಕೆ. ಮತ್ತೆ ಐದಾರು. ನಾಲ್ಕನೇ ಸಲ ಸದ್ದು ಮಂಕಾಗಿ ಬಂದು ಕೈ ನಿಲ್ಲುತ್ತದೆ. ಒಂದೊಂದನ್ನೇ ಉಗುರಿನಿಂದ ತಟ್ಟಿ ನೋಡಿ, ಒಂದನ್ನು ಆರಿಸಿ ನನ್ನ ಕೈಗೆ ಹಾಕುತ್ತಾರೆ.

"ಬೆಳಕಿಗೆ ಹಿಡ್ದು ನೋಡ್ರಿ. ಕುತ್ತಿಗೆ ಹತ್ರ ಬಿರುಕೈತೆ."

ಎಷ್ಟು ತಿರುಗಿಸಿದರೂ ನನಗೆ ಕಾಣುವುದಿಲ್ಲ. ಭೂತಗನ್ನಡಿ ಇಟ್ಟಾಗ ಕೂದಲೆಳೆಯಂಥ ಗೆರೆಯೊಂದು ಕಾಣುತ್ತದೆ. "ಕನ್ನಡಕ ಬದಲಾಯಿಸ್ಕಳ್ರಿ," ಎಂದು ತೀರ್ಥಮ್ಮ ನಗುತ್ತಾರೆ. ಅಷ್ಟರಲ್ಲಿ ಗೂಡ್ಸ್ ರೈಲು ಬರುತ್ತದೆ. ಅದು ದಾಟುವವರೆಗೆ ಕೈ ಕಟ್ಟಿ ಸುಮ್ಮನೆ ಕೂರುತ್ತಾರೆ. ಸದ್ದಿನ ನಡುವೆ ಈ ಕೆಲಸ ನಡೆಯುವುದಿಲ್ಲ.

ಇದು ಒಂದು ರೈಫಲ್ ಕ್ಲಬ್. ಮುನ್ನೂರು ಮೀಟರ್ ದೂರದ ಗುರಿಗೆ ಹೊಡೆಯುವ ಅಭ್ಯಾಸ ಇಲ್ಲಿ ನಡೆಯುತ್ತದೆ. ಗುಂಡು ಹಾರಿದ ಮೇಲೆ ಕೋವಿಯಿಂದ ಹೊರಬೀಳುವ ಖಾಲಿ ಕವಚವನ್ನು ಕ್ಲಬ್ಬಿನವರು ಕೇಸು ಎನ್ನುತ್ತಾರೆ, ತೀರ್ಥಮ್ಮ ಚಿಪ್ಪು ಎನ್ನುತ್ತಾರೆ. ಅದಕ್ಕೆ ಮತ್ತೆ ಮದ್ದು, ಗುಂಡು ತುಂಬುವವರು ಪರವಾನಗಿ ಪಡೆದಿರುವ ತರೀಕೆರೆಯ ಬೆನಕಪ್ಪ. ಸೈನ್ಯದಲ್ಲಿ ಆಯುಧ ರಿಪೇರಿ ಮಾಡಿ ನಿವೃತ್ತರಾದವರು. "ಬಿರುಕು ಬಿಟ್ಟಿದ್ದಕ್ಕೆ ಮದ್ದು ತುಂಬಿದ್ರೆ ಬೆಂಕಿ ಹೊಡೆಯೋನ ಮುಖಕ್ಕೇ ಬರಬಹುದು. ತೀರ್ಥಮ್ಮ ಕುಲುಕದ ಚಿಪ್ಪನ್ನ ನಾನು ಮುಟ್ಟಲ್ಲ," ಎನ್ನುತ್ತಾರೆ ಅವರು. ಒಂದು ಬೆಳಗ್ಗೆಗೆ ನಾನೂರು ಚಿಪ್ಪು. ತಿಂಗಳಿಗೆ ಹತ್ತೋ ಹನ್ನೆರಡೋ ಬಿರುಕು. ತೀರ್ಥಮ್ಮ ಬಂದ ಎಂಟು ವರ್ಷದಲ್ಲಿ ಒಂದೇ ಒಂದು ಚಿಪ್ಪು ಕೋವಿಯೊಳಗೆ ಸೀಳಿಲ್ಲ.

ಈ ಕಿವಿ ಬಂದದ್ದು ಕೊಬ್ಬರಿಯಿಂದ. ತೀರ್ಥಮ್ಮ ಹುಟ್ಟಿದ್ದು ಹಿರೇನಲ್ಲೂರಿನ ಹತ್ತಿರದ ಹಳ್ಳಿಯಲ್ಲಿ, ಮದುವೆಯಾಗಿ ಬಂದದ್ದು ಅಜ್ಜಂಪುರಕ್ಕೆ. ಒಂದಿಷ್ಟು ಹೊಲ, ಅರವತ್ತು ತೆಂಗಿನ ಮರ. ಗಂಡ ತಿಮ್ಮರಾಯಪ್ಪ ಮರದಿಂದ ಬಿದ್ದು ಸೊಂಟ ಮುರಿದುಕೊಂಡ ಮೇಲೆ ತೀರ್ಥಮ್ಮ ಕೊಬ್ಬರಿ ಮಂಡಿಯ ಕೆಲಸಕ್ಕೆ ಸೇರಿದರು. ಹದಿನೆಂಟು ವರ್ಷ ಕಾಯಿ ಕುಲುಕಿ, ಒಳಗೆ ಕೊಬ್ಬರಿ ಬಿಟ್ಟಿದೆಯೋ ಅಂಟಿದೆಯೋ, ಕೊಳೆತಿದೆಯೋ ಎಂದು ಹೇಳುತ್ತಿದ್ದರು. ಮಂಡಿ ಮುಚ್ಚಿತು. ಅದೇ ಹೊತ್ತಿಗೆ ಕ್ಲಬ್ಬಿನವರು ತಾಳ್ಮೆಯಿಂದ ತೂಗುವ ಒಬ್ಬರನ್ನು ಹುಡುಕುತ್ತಿದ್ದರು.

ಹೌದು, ಅವರನ್ನು ಕರೆದದ್ದು ತೂಗುವುದಕ್ಕೆ. ಬಿರುಕು ಹುಡುಕುವುದನ್ನು ಅವರಾಗಿಯೇ ಶುರುಮಾಡಿದರು, ಯಾರೂ ಹೇಳಿರಲಿಲ್ಲ. ಕ್ಲಬ್ಬಿನ ಕಾರ್ಯದರ್ಶಿ ಶಶಿಧರ ಅವರ ನಂಬಿಕೆ ಹೀಗಿತ್ತು: ಒಂದೇ ತೂಕದ ಚಿಪ್ಪುಗಳ ಒಳಜಾಗ ಒಂದೇ ಸಮ ಇರುತ್ತದೆ, ಒಳಜಾಗ ಸಮವಿದ್ದರೆ ಮದ್ದಿನ ಒತ್ತಡ ಸಮ, ಒತ್ತಡ ಸಮವಿದ್ದರೆ ಗುಂಡುಗಳೆಲ್ಲ ಒತ್ತೊತ್ತಾಗಿ ಬೀಳುತ್ತವೆ. ಅದಕ್ಕೇ ಚಿನ್ನ ತೂಗುವ ಎಲೆಕ್ಟ್ರಾನಿಕ್ ತಕ್ಕಡಿ ತಂದರು. ಒಂದು ಚಿಪ್ಪು ಹನ್ನೊಂದು ಗ್ರಾಂ ಆಸುಪಾಸು. ಗ್ರಾಮಿನ ನೂರರಲ್ಲಿ ಐದು ಪಾಲು ಹೆಚ್ಚುಕಡಿಮೆಯಾದರೆ ಬೇರೆ ಡಬ್ಬಿ. ಗಾಳಿಗೆ ತಕ್ಕಡಿ ಅಲುಗೀತೆಂದು ಫ್ಯಾನ್ ಹಾಕುವಂತಿಲ್ಲ, ಕಿಟಕಿ ತೆಗೆಯುವಂತಿಲ್ಲ. ವಾರಕ್ಕೆ ಆರು ದಿನ, ಏಳು ವರ್ಷ. ಈ ಡಬ್ಬಿಗಳಿಂದ ಹೊಡೆದವರು ಪದಕ ತಂದರು. ಪತ್ರಿಕೆಗಳಲ್ಲಿ ಫೋಟೊ ಬಂತು, ಕಾರ್ಯದರ್ಶಿಯ ಹೆಸರು ಬಂತು, ಶಾಮಿಯಾನ ಹಾಕಿದವನ ಹೆಸರೂ ಬಂತು. ತೀರ್ಥಮ್ಮನ ಹೆಸರು ಎಲ್ಲೂ ಬರಲಿಲ್ಲ. ಆ ವರದಿ ಬರೆದವರಲ್ಲಿ ನಾನೂ ಒಬ್ಬ. ನಾಚಿಕೆಯಾಗಬೇಕು.

ಅವರ ಹೆಸರು ಮೊದಲ ಸಲ ಜೋರಾಗಿ ಕೇಳಿಬಂದದ್ದು ಹೋದ ವರ್ಷ, ಅದೂ ಬೈಗುಳವಾಗಿ. ಲಿಂಗದಹಳ್ಳಿಯ ಕಾಲೇಜು ಹುಡುಗಿ ಮಾನಸ ಕ್ಲಬ್ಬಿನ ಒಳ್ಳೆಯ ಗುರಿಗಾರ್ತಿ. ರಾಜ್ಯ ಮಟ್ಟದ ಸ್ಪರ್ಧೆಯಲ್ಲಿ ಅವಳ ಗುಂಡುಗಳು ಹರಡಿಬಿದ್ದವು, ಹದಿನಾಲ್ಕನೇ ಸ್ಥಾನ. ವಾಪಸು ಬಂದ ದಿನ ಶಶಿಧರ ಎಲ್ಲರೆದುರು ತೀರ್ಥಮ್ಮನ ಮೇಲೆ ಹರಿಹಾಯ್ದರು.

"ಏನಮ್ಮಾ, ನಿದ್ದೆ ಮಾಡ್ಕಂಡು ತೂಗಿದ್ಯಾ? ನಿನ್ನಿಂದ ಒಂದು ಪದಕ ಹೋಯ್ತು!"

ಆ ಮಾತನ್ನು ಹೇಳುವಾಗ ತೀರ್ಥಮ್ಮ ಕೈಯಲ್ಲಿದ್ದ ಚಿಪ್ಪನ್ನು ಮೊರಕ್ಕೆ ಹಾಕಿಬಿಡುತ್ತಾರೆ. "ಮಂಡೀಲಿ ಹದಿನೆಂಟು ವರ್ಷ ಒಬ್ರೂ ನನ್ಗೆ ಹಂಗಂದಿರ್ಲಿಲ್ಲ. ಅಳು ಬಂತು, ಅಳ್ಲಿಲ್ಲ. ಸಾರ್, ತೂಕ ತಪ್ಪಿದ್ರೆ ಗುರಿ ತಪ್ತದೆ ಅಂತ ನೋಡಿದೋರು ಯಾರು ಅಂತ ಕೇಳ್ದೆ. ಯಾರೂ ನೋಡಿಲ್ಲ! ಹಂಗಾದ್ರೆ ಈಗ ನೋಡಣ ಅಂದೆ."

ಬೆನಕಪ್ಪ ತೀರ್ಥಮ್ಮನನ್ನು ಪಕ್ಕಕ್ಕೆ ಕರೆದು ಎಚ್ಚರಿಸಿದರಂತೆ. "ಲೇ ತೀರ್ಥಮ್ಮ, ಎರಡು ಕಡೆಯಿಂದ್ಲೂ ನಿಂಗೇ ಪೆಟ್ಟು ಕಣೇ. ತೂಕದಿಂದ ಫರಕು ಬಂದ್ರೆ ತಪ್ಪು ನಿಂದಾಗ್ತದೆ. ಬರ್ಲಿಲ್ಲ ಅಂದ್ರೆ ನಿನ್ನ ಕೆಲ್ಸವೇ ಬೇಡ ಅಂತಾರೆ."

"ಗೊತ್ತು ಬೆನಕಣ್ಣ. ಬೇಡ್ದಿರೋ ಕೆಲ್ಸ ಮಾಡ್ಕಂಡು ಕೂರಕ್ಕೆ ನಾನೇನು ದೃಷ್ಟಿಬೊಂಬೆನಾ?"

ಪರೀಕ್ಷೆಯ ಕ್ರಮವನ್ನೂ ಅವರೇ ಹೇಳಿದರು. ಒಂದೇ ಕಂಪನಿಯ ಎಂಬತ್ತು ಚಿಪ್ಪು. ನಲವತ್ತು ಒಂದೇ ತೂಕದವು, ನಲವತ್ತು ಹಗುರ, ಭಾರ ಎಲ್ಲ ಬೆರೆಸಿದವು. ಐದೈದರಂತೆ ಹದಿನಾರು ಡಬ್ಬಿ, ಮೇಲೆ ಬರೀ ನಂಬರು. ಯಾವ ನಂಬರಿನಲ್ಲಿ ಏನಿದೆ ಎಂಬ ಚೀಟಿಯನ್ನು ತಾವು ಇಟ್ಟುಕೊಳ್ಳಲಿಲ್ಲ. "ನನ್ನತ್ರ ಇದ್ರೆ ನಾಳೆ ನಾನೇ ತಿದ್ದಿದೆ ಅಂತೀರ" ಎಂದು ಲಕೋಟೆಗೆ ಅಂಟು ಹಾಕಿಸಿ ಕ್ಲಬ್ಬಿನ ಕಬ್ಬಿಣದ ಬೀರುವಿನಲ್ಲಿ ಇಡಿಸಿದರು. ಯಾವುದು ಯಾವುದೆಂದು ತಿಳಿಯದೆಯೇ ಬೆನಕಪ್ಪ ಎಲ್ಲಕ್ಕೂ ಒಂದೇ ಅಳತೆಯ ಮದ್ದು ತುಂಬಿದರು. ಗಾಳಿಯಿಲ್ಲದ ಎರಡು ಮುಂಜಾನೆ ಮಾನಸ ಹದಿನಾರು ಗುರಿಹಾಳೆಗಳಿಗೆ ಹೊಡೆದಳು. ಪ್ರತಿ ಹಾಳೆಯಲ್ಲೂ ಅತಿ ದೂರದ ಎರಡು ತೂತುಗಳ ಅಂತರ ಅಳೆದು ಬರೆದರು; ಅದು ಕಡಿಮೆಯಾದಷ್ಟೂ ಒಳ್ಳೆಯದು. ಆಮೇಲೆ ಲಕೋಟೆ ಒಡೆದರು.

ಒಂದೇ ತೂಕದವುಗಳ ಸರಾಸರಿ ತೊಂಬತ್ತೊಂದು ಮಿಲಿಮೀಟರ್. ಬೆರೆಸಿದವುಗಳದ್ದು ಎಂಬತ್ತೆಂಟು. ಬೆರಕೆಯೇ ಕೂದಲೆಳೆಯಷ್ಟು ಮುಂದೆ! ಆದರೆ ಒಂದೇ ಬಗೆಯ ಎರಡು ಹಾಳೆಗಳ ನಡುವೆಯೇ ನಲವತ್ತು ಮಿಲಿಮೀಟರ್ ಏರುಪೇರು ಇರುವಾಗ ಈ ಮೂರರ ವ್ಯತ್ಯಾಸಕ್ಕೆ ಅರ್ಥವಿಲ್ಲ ಎಂದು ಬೆನಕಪ್ಪ ಬಿಡಿಸಿ ಹೇಳಿದರು. ನಮ್ಮ ಕೋವಿಗೆ, ನಮ್ಮ ದೂರಕ್ಕೆ ತೂಗುವುದರಿಂದ ಲಾಭ ಕಾಣಲಿಲ್ಲ, ಇಷ್ಟು ಮಾತ್ರ ಹೇಳಬಹುದು ಎಂದೂ ಸೇರಿಸಿದರು.

ಕಾರಣ ಏನಿರಬಹುದು ಎಂದು ನಾನು ಕೇಳಿದರೆ ತೀರ್ಥಮ್ಮ ನೀರಿನ ತಂಬಿಗೆ ಎತ್ತಿ ತೋರಿಸುತ್ತಾರೆ. "ತಂಬಿಗೆ ಅಂಚು ದಪ್ಪ ಮಾಡಿದ್ರೆ ತೂಕ ಜಾಸ್ತಿ ಆಗ್ತದೆ. ಹಿಡಿಯೋ ನೀರು ಕಮ್ಮಿ ಆಗ್ತದಾ? ಇಲ್ಲ. ಚಿಪ್ಪಿನ ತೂಕ ಎಲ್ಲಿ ಕೂತೈತೆ ಅಂತ ತಕ್ಕಡಿ ಹೇಳಲ್ಲ ಕಣ್ರೀ."

ಲಕೋಟೆ ಒಡೆದ ದಿನವೇ ಮಾನಸ ಒಪ್ಪಿಕೊಂಡಳು. "ಆವತ್ತು ಗಾಳಿ ಅಡ್ಡ ಬೀಸ್ತಿತ್ತು ಸಾರ್, ನಾನೇ ಲೆಕ್ಕ ತಪ್ಪಿದ್ದು. ತೀರ್ಥಕ್ಕನ್ನ ಬೈತಿದ್ರೂ ಬಾಯಿ ಬಿಡ್ಲಿಲ್ಲ ನಾನು," ಎಂದು ನನ್ನೆದುರೂ ತಲೆ ತಗ್ಗಿಸಿದಳು. ಹುಡುಗಿಗೆ ಇರುವಷ್ಟು ಧೈರ್ಯ ದೊಡ್ಡವರಿಗಿಲ್ಲ. ಶಶಿಧರ ಇವತ್ತಿನವರೆಗೆ ಕ್ಷಮೆ ಕೇಳಿಲ್ಲ.

ಬೆನಕಪ್ಪ ಹೇಳಿದಂತೆಯೇ ಆಯಿತು. ತೂಗುವುದು ನಿಂತಿತು, ತಕ್ಕಡಿಗೆ ಬಟ್ಟೆ ಹೊದಿಸಿದರು. ಆರು ದಿನದ ಕೆಲಸ ಮೂರು ದಿನಕ್ಕಿಳಿಯಿತು. ಈಗ ಚಿಪ್ಪುಗಳನ್ನು ಕಂಪನಿವಾರು ಬೇರೆ ಮಾಡುವುದು, ಬಿರುಕು ಹುಡುಕುವುದು ಅಷ್ಟೇ. ಉಳಿದ ದಿನ ತೋಟ. ಸ್ಪರ್ಧೆಗೆ ಹೊರಟ ಕೆಲವರು ಇನ್ನೂ ಬಂದು, ನಮ್ಮ ಸಮಾಧಾನಕ್ಕೆ ತೂಗಿಕೊಡು ಎಂದು ಗೋಗರೆಯುತ್ತಾರಂತೆ. ಅವರಿಗೆ ಸಿಗುವ ಉತ್ತರ ಒಂದೇ: "ಸಮಾಧಾನ ಬೇಕಾದ್ರೆ ದೇವಸ್ಥಾನಕ್ಕೆ ಹೋಗ್ರಪ್ಪಾ, ಇಲ್ಲಿ ಚಿಪ್ಪು ಮಾತ್ರ ಸಿಗ್ತವೆ."

ಪರೀಕ್ಷೆಯ ಫಲಿತಾಂಶ ಟೈಪಾಗಿ ಕ್ಲಬ್ಬಿನ ನೋಟಿಸ್ ಬೋರ್ಡಿನಲ್ಲಿದೆ. ಬೇರೆ ಕ್ಲಬ್ಬಿನವರೂ ಫೋಟೊ ತೆಗೆದುಕೊಂಡು ಹೋಗುತ್ತಾರೆ. ಕೆಳಗೆ ಶಶಿಧರ ಅವರ ಹೆಸರು, ಸಹಿ, ಮೊಹರು. ತೀರ್ಥಮ್ಮನ ಹೆಸರೇಕಿಲ್ಲ ಎಂದು ಫೋನಿನಲ್ಲಿ ಅವರನ್ನೇ ಕೇಳಿದೆ. "ಅದು ಕ್ಲಬ್ಬಿನ ಕೆಲ್ಸ ಅಲ್ವೇನ್ರೀ" ಎಂದು ಇಟ್ಟುಬಿಟ್ಟರು. ನಾನು ಕೂಗಾಡಿದ್ದು ಖಾಲಿ ಫೋನಿಗೆ.

ತೀರ್ಥಮ್ಮ ಕೂಗಾಡುವುದಿಲ್ಲ. ನಿಮಗೇನು ಆಸೆ ಎಂದರೆ ಮೊರ ಪಕ್ಕಕ್ಕಿಟ್ಟು ಹೇಳುತ್ತಾರೆ.

"ಆ ಹಾಳೆ ಕೆಳಗೆ ನನ್ನ ಹೆಸರೂ ಹಾಕ್ಲಿ. ಹೊಗಳಿಕೆಗಲ್ಲ ಕಣ್ರೀ. ತೂಗೋದು ದಂಡ ಅಂತ ಕಾರ್ಯದರ್ಶಿ ಬರ್ದ್ರೆ, ಸೋಮಾರಿ ಇರ್ಬೇಕು ಅಂತಾರೆ ಜನ. ಏಳು ವರ್ಷ ತೂಗಿದೋಳು ಹೇಳಿದ್ರೆ ನಂಬ್ತಾರೆ."