ಅಜ್ಜಿಯ ಬಲಗೈ

ಊಟಕ್ಕೆ ಕೂತಿದ್ದಾಗ ಅಜ್ಜಿಯ ಕೈಯಿಂದ ಮುದ್ದೆ ಜಾರಿತು. ಎತ್ತಿಕೊಳ್ಳಲು ಹೋದರು. ಬೆರಳು ಮಡಚಲಿಲ್ಲ. ಬಾಯಿ ಒಂದು ಕಡೆ ವಾಲಿತ್ತು.

ಬೀದಿಯ ಡಾಕ್ಟರು ಬಂದು ನೋಡಿ, "ಪ್ಯಾರಾಲಿಸಿಸ್" ಅಂದರು.

ಬಲಗೈ ಹೋಗಿತ್ತು.

ಮಾಗಡಿ ಕಡೆಯ ಹಳ್ಳಿಯಲ್ಲಿ ಚಿಕ್ಕ ವಯಸ್ಸಿಗೇ ಗಂಡನನ್ನು ಕಳೆದುಕೊಂಡ ಅಜ್ಜಿ, ಕಂಡವರ ಹೊಲದಲ್ಲಿ ಕಳೆ ಕಿತ್ತು, ಕಂಡವರ ಮನೆಯ ರಾಗಿ ಬೀಸಿ ನನ್ನ ಅಪ್ಪನನ್ನು ಓದಿಸಿದರು. ಅಪ್ಪ ಬೆಂಗಳೂರಿನಲ್ಲಿ ಗುಮಾಸ್ತರಾದರು. ಅಮ್ಮ ತೀರಿಕೊಂಡ ಮೇಲೆ ಅಜ್ಜಿ ಚಾಮರಾಜಪೇಟೆಯ ನಮ್ಮ ವಠಾರಕ್ಕೆ ಬಂದರು, ಬೀಸುಕಲ್ಲನ್ನೂ ಬಸ್ಸಿನ ಮೇಲೆ ಹೇರಿಸಿಕೊಂಡು. ಬೀದಿಯ ಕೊನೆಯಲ್ಲೇ ಗಿರಣಿ ಇದೆ ಅಂದರೆ, "ಮಿಷನ್ ಹಿಟ್ಟು ಸುಟ್ಟಿರ್ತದೆ" ಅಂತ ಮೂಗು ಮುರಿಯುತ್ತಿದ್ದರು.

ಈಗ ನಾನು ತುತ್ತು ಕೊಟ್ಟರೆ ಬಾಯಿ ಬಿಗಿದುಕೊಳ್ಳುತ್ತಿದ್ದರು. ಎಡಗೈಯಲ್ಲಿ ಉಣ್ಣುವ ಮಾತೇ ಇಲ್ಲ. ಲೋಟದಲ್ಲಿ ಕೊಟ್ಟ ಗಂಜಿಯೇ ಗತಿ. "ನನ್ ಕೈಲಿ ಆದಾಗ ಉಣ್ತೀನಿ" ಅನ್ನುತ್ತಿದ್ದರು. ಮಾತು ತೊದಲುತ್ತಿತ್ತು, ಹಟ ತೊದಲುತ್ತಿರಲಿಲ್ಲ.

ಮತ್ತೆ ಬಂದ ಡಾಕ್ಟರು ಮೂಲೆಯ ಬೀಸುಕಲ್ಲು ನೋಡಿದರು. "ಇದನ್ನೇ ದಿನಾ ತಿರುಗಿಸ್ಲಿ. ಒಳ್ಳೇ ಎಕ್ಸರ್ಸೈಜ್. ಕಾಳು ಬೇಡ, ಬರೀ ಕಲ್ಲು ಸಾಕು. ಬಿಟ್ರೆ ಕೈ ಸೆಟೆದುಕೊಳ್ಳುತ್ತೆ."

"ಬರೀ ಕಲ್ಲು ತಿರುಗಿಸ್ಬಾರ್ದು ಡಾಕ್ಟ್ರೇ," ಅಂದರು ಅಜ್ಜಿ. "ಮನೇಗೆ ಒಳ್ಳೇದಲ್ಲ."

ಯುದ್ಧ ಮುಗಿದಿದ್ದರೂ ರೇಷನ್ ಮುಗಿದಿರಲಿಲ್ಲ. ನಮ್ಮ ಮನೆಯ ರಾಗಿ ಬೇಗ ಖಾಲಿಯಾಯಿತು. ನಿಮ್ಮ ರಾಗಿ ನಾವು ಬೀಸಿಕೊಡ್ತೀವಿ ಅಂತ ವಠಾರದವರನ್ನು ಕೇಳಿದೆ. ಗಿರಣಿಗೆ ಹೋಗಬೇಕಿದ್ದ ರಾಗಿಯೆಲ್ಲ ನಮ್ಮ ಬಾಗಿಲಿಗೆ ಬಂತು. ಅಜ್ಜಿಯ ಬಲಗೈಯನ್ನು ಕಲ್ಲಿನ ಗೂಟಕ್ಕೆ ಬಟ್ಟೆಯಲ್ಲಿ ಕಟ್ಟಿ, ಎದುರಿಗೆ ಕೂತು ನಾನೂ ಗೂಟ ಹಿಡಿಯುತ್ತಿದ್ದೆ. ಮೊದಮೊದಲು ಎಳೆದದ್ದೆಲ್ಲ ನಾನೇ. ಆಮೇಲೊಂದು ದಿನ ಗೂಟ ನನ್ನ ಕೈಯನ್ನೇ ಎಳೆಯಿತು. ಹೆಬ್ಬೆರಳು ಅಲ್ಲಾಡಿತು! ಸೌಟು ಹಿಡಿಯುವಂತಾದರೆ ತುತ್ತು ದೂರವಿಲ್ಲ ಅಂತ ನಾವಿಬ್ಬರೂ ಆಸೆಪಟ್ಟೆವು.

ಅಷ್ಟರಲ್ಲಿ ಯಾರೋ ಅಪ್ಪನನ್ನು ನಲ್ಲಿಯ ಹತ್ತಿರ ನಿಲ್ಲಿಸಿದರು. "ಏನ್ ಸ್ವಾಮಿ, ಲಕ್ವ ಹೊಡೆದ ತಾಯಿ ಕೈಲಿ ಊರೋರ ಹಿಟ್ಟು ಬೀಸಿಸ್ತಿದೀರಂತೆ?"

ಅಪ್ಪ ಮನೆಗೆ ಬಂದವರೇ ಕಲ್ಲನ್ನು ಊರಿಗೆ ಸಾಗಹಾಕಿದರು.

"ಡಾಕ್ಟ್ರು ಹೇಳಿದ್ದಲ್ವಾ ಅಪ್ಪ?"

"ನಮ್ಮವ್ವ ಬೀಸಿದ್ದು ಸಾಕು. ಇನ್ನಾದ್ರೂ ಕೂತು ಉಣ್ಲಿ."

ಪ್ರೀತಿಯಿಂದಲೇ ಅಂದದ್ದು. ನನಗೆ ಸಿಟ್ಟು ಅದಕ್ಕೇ. ಕೆಟ್ಟ ಮಗನಾಗಿದ್ದರೆ ಜಗಳವಾದರೂ ಆಡಬಹುದಿತ್ತು. ಕೂತು ಉಣ್ಣುವುದಕ್ಕೇ ಅಲ್ಲವೇ ಆ ಕೈ ಬೇಕಾಗಿದ್ದದ್ದು? ಅಜ್ಜಿಯೂ ಎದುರಾಡಲಿಲ್ಲ. ಮಗನ ಮಾನದ ಮುಂದೆ ಅವರಿಗೆ ತಮ್ಮ ಕೈ ಯಾವ ಲೆಕ್ಕ.

ಬೆರಳುಗಳು ಒಂದೊಂದಾಗಿ ಒಳಕ್ಕೆ ಮಡಚಿಕೊಂಡವು. ಮಳೆಗಾಲ ಕಳೆದ ಮೇಲೆ ಬಂದ ಡಾಕ್ಟರು ಬಿಡಿಸಲು ನೋಡಿ, ಕೈಯನ್ನು ಮೆಲ್ಲಗೆ ಕೆಳಗಿಟ್ಟರು.

"ಇನ್ನು ಕಷ್ಟ."

ಅಪ್ಪ ಅವತ್ತು ಆಫೀಸಿಗೆ ಹೋಗಲಿಲ್ಲ. ಮಧ್ಯಾಹ್ನ ತಾವೇ ಅನ್ನ ಕಲಸಿಕೊಂಡು ಅಜ್ಜಿಯ ಮುಂದೆ ಕೂತರು. ಒಂದು ತುತ್ತು ಬಾಯಿಯ ಹತ್ತಿರ ಹಿಡಿದರು. ಅಜ್ಜಿ ಬಹಳ ಹೊತ್ತು ಮಗನ ಮುಖ ನೋಡಿದರು. ಆಮೇಲೆ ಬಾಯಿ ತೆರೆದರು.

ನುಂಗಿ ಅಂದರು, "ಇಷ್ಟು ದಪ್ಪ ತುತ್ತೇನೋ? ನಾನು ನಿಂಗೆ ಹಿಂಗೇ ತುರುಕ್ತಿದ್ನಾ?"

ಅಪ್ಪ ಅತ್ತರು. ಮುಂದಿನ ತುತ್ತು ಚಿಕ್ಕದು ಮಾಡಿದರು.

ಹೋದ ತಿಂಗಳು ತೀರಿಕೊಳ್ಳುವ ತನಕ ಅಜ್ಜಿ ಅಪ್ಪನ ಕೈಯಿಂದಲೇ ಉಂಡರು. ಅಷ್ಟಾದರೂ ಸಿಕ್ಕಿತಲ್ಲ ಅಂತ ಶಿವನಿಗೆ ಕೈ ಮುಗಿಯುತ್ತೇನೆ, ಪೂರ್ತಿ ಮನಸ್ಸಿಲ್ಲದಿದ್ದರೂ.